ಓಮ್ನಿ, ಹಳೆ ಜೀಪು, ಮಳೆ, ತೋಟದ ರಸ್ತೆ: ವಾದ್ಯ ಮತ್ತು ಸೌಂಡ್ ಸೆಟ್ ಹೇಗೆ ಸಾಗಿಸೋದು?

ಮೂರ್ನಾಡು_ಮೇಳ ಕೇಳಿದ್ದು

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಮುಗಿದ ವಾರ ಕೊಡಗಿನ ನಾಪೋಕ್ಲಿನಿಂದ ಒಳಗೆ ಒಂದು ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಅಂಗಳದಲ್ಲಿ ಸಂಜೆ ಕಾರ್ಯಕ್ರಮ ಇದೆ. ಜನ ಆರು. ವಾಹನ ಎರಡು: ಕ್ಯಾರಿಯರ್ ಇರುವ ಐದು ಸೀಟಿನ ಮಾರುತಿ ಓಮ್ನಿ, ಕ್ಯಾನ್ವಾಸ್ ಹುಡ್ಡಿನ ಹಳೆ ಮಹೀಂದ್ರ ಫೋರ್‌ವೀಲ್ ಜೀಪು. ಬೇಕಿದ್ದರೆ ಕಾಫಿ ಮೂಟೆ ಸಾಗಿಸುವ ಸಣ್ಣ ಟ್ರೇಲರ್ ಒಂದು ಸಿಗುತ್ತದೆ.

ಸಾಮಾನು: 15 ಇಂಚಿನ ಆಕ್ಟಿವ್ ಸ್ಪೀಕರ್ ಎರಡು (ಒಂದೊಂದು 20 ಕೆ.ಜಿ.), ಅದರ ಸ್ಟ್ಯಾಂಡು, 12 ಚಾನೆಲ್ ಮಿಕ್ಸರ್, ಕೇಬಲ್ ಪೆಟ್ಟಿಗೆ 15 ಕೆ.ಜಿ., 61 ಕೀ ಕೀಬೋರ್ಡು, ಹಾರ್ಮೋನಿಯಂ, ಮೃದಂಗ, ತಬಲಾ ಜೋಡಿ, ದುಡಿ (ನಡು ಸಣ್ಣಗಿರುವ ಕೈ ಚರ್ಮವಾದ್ಯ) ನಾಲ್ಕು, ಮೈಕ್ ಸ್ಟ್ಯಾಂಡು ನಾಲ್ಕು, 40 ಕೆ.ಜಿ. ತೂಗುವ ಸಣ್ಣ ಜನರೇಟರು. ಮುಖ್ಯ ರಸ್ತೆಯಿಂದ ಒಳಗೆ ಎರಡು ಕಿ.ಮೀ. ತೋಟದ ದಾರಿ. ಎರಡು ಪಟ್ಟಿ ಕಾಂಕ್ರೀಟು, ಮಧ್ಯೆ ಹುಲ್ಲು, ಕೆಲವು ಕಡೆ ಬರೀ ಮಣ್ಣು, ಕಡಿದಾದ ಏರು. ಕೊನೆಯ 300 ಮೀಟರ್‌ಗೆ ಓಮ್ನಿ ಬರೋದೇ ಅನುಮಾನ.

ಯಾವುದನ್ನು ಯಾವ ಗಾಡಿಗೆ, ಯಾವ ಕ್ರಮದಲ್ಲಿ ಹಾಕಬೇಕು? ಚರ್ಮವಾದ್ಯಗಳ ಬಗ್ಗೆಯೇ ಹೆಚ್ಚು ಚಿಂತೆ.

ಗ್ಯಾರೇಜ್_ಗೋಣಿಕೊಪ್ಪ

ಓಮ್ನಿ ಒಂದು ವಿಷಯಕ್ಕೆ ಒಳ್ಳೆಯದು, ಒಂದು ವಿಷಯಕ್ಕೆ ಅಪಾಯ. ಎರಡನ್ನೂ ತಿಳಿದುಕೊಂಡು ತುಂಬಿ.

ಒಳ್ಳೆಯದು ಏನಂದ್ರೆ ಹಿಂಬಾಗಿಲು ಪೂರ್ತಿ ಮೇಲಕ್ಕೆ ಏಳುತ್ತದೆ, ಅಂಚು ತಗ್ಗು. ಹಾಗಾಗಿ 20 ಕೆ.ಜಿ. ಪೆಟ್ಟಿಗೆಯನ್ನು ಎದೆ ಮಟ್ಟಕ್ಕೆ ಎತ್ತಬೇಕಾಗಿಲ್ಲ. ಅಪಾಯ ಇರೋದು ಎಂಜಿನ್ ಕೂತ ಜಾಗದಲ್ಲಿ ಮತ್ತು ಗಾಡಿಯ ಗಿಡ್ಡತನದಲ್ಲಿ. ಎಂಜಿನ್ ಮುಂದಿನ ಸೀಟಿನ ಅಡಿಗೆ, ಓಡಿಸೋದು ಹಿಂದಿನ ಚಕ್ರ, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 1840 ಮಿ.ಮೀ. ಮಾತ್ರ. ಹಿಂದಿನ ಆಕ್ಸಲ್ ಮೇಲೆ ಭಾರ ಬಿದ್ದರೆ ಹಿಡಿತ ಸಿಗುತ್ತದೆ, ನಿಜ. ಆದರೆ ಆಕ್ಸಲ್ ದಾಟಿ ಬಾಗಿಲ ಹತ್ತಿರ ಭಾರ ಕೂತರೆ ಮೂತಿ ಮೇಲೇಳುತ್ತದೆ. ಲೆಕ್ಕ ಹಾಕಿ: 60 ಕೆ.ಜಿ.ಯನ್ನು ಹಿಂದಿನ ಆಕ್ಸಲ್‌ನಿಂದ ಅರ್ಧ ಮೀಟರ್ ಹಿಂದೆ ಇಟ್ಟರೆ, ಸಮತಟ್ಟು ರಸ್ತೆಯಲ್ಲೇ ಮುಂದಿನ ಚಕ್ರಗಳ ಮೇಲಿಂದ ಸುಮಾರು 16 ಕೆ.ಜಿ. ಕಡಿಮೆಯಾಗುತ್ತದೆ. ಏರಿನಲ್ಲಿ ಇನ್ನೂ ಹೆಚ್ಚು. ಪಾಚಿ ಕಟ್ಟಿದ ಕಾಂಕ್ರೀಟಿನ ಮೇಲೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುವುದು ಇದರಿಂದಲೇ.

ಅದಕ್ಕೇ ಭಾರದ ಎರಡು ಸ್ಪೀಕರನ್ನೂ ಹಿಂಸೀಟು ಮಡಿಚಿ, ಅದಕ್ಕೆ ಒತ್ತಿ ಇಡಿ. ಬಾಗಿಲ ಹತ್ತಿರ ಕೇಬಲ್ ಬೇಡ, ಮೈಕ್ ಸ್ಟ್ಯಾಂಡು, ಬಟ್ಟೆ ಬ್ಯಾಗು, ಚಾಪೆಯಂಥ ಹಗುರದ್ದು ಇರಲಿ. ಓಮ್ನಿಯಲ್ಲಿ ಇಬ್ಬರೇ ಕೂರಿ. ಉಳಿದ ನಾಲ್ವರು ಜೀಪಿಗೆ.

ಕ್ಯಾರಿಯರ್ ಇದೆ ಅಂತ ಜನರೇಟರ್ ಮೇಲಕ್ಕೆ ಏರಿಸಬೇಡಿ, ದಯವಿಟ್ಟು. ಈ ಗಾಡಿ ಎತ್ತರಕ್ಕೆ ತಕ್ಕಷ್ಟು ಅಗಲ ಇಲ್ಲ: ಎತ್ತರ 1640, ಅಗಲ 1410 ಮಿ.ಮೀ. ಮೇಲೆ 40 ಕೆ.ಜಿ. ಕೂತರೆ ಹೇರ್‌ಪಿನ್ ತಿರುವಿನಲ್ಲಿ ವಾಲೋದು ಕೂತವರಿಗೇ ಗೊತ್ತಾಗುತ್ತದೆ. ಮೇಲೆ ಹಾಕೋದಾದರೆ ಸ್ಪೀಕರ್ ಸ್ಟ್ಯಾಂಡು ಮಾತ್ರ, ಒಟ್ಟು 20 ಕೆ.ಜಿ. ಒಳಗೆ. ತೋಟದ ದಾರಿಯಲ್ಲಿ ಸಿಲ್ವರ್ ಓಕಿನ ರೆಂಬೆ, ಮೆಣಸಿನ ಬಳ್ಳಿ ಕ್ಯಾರಿಯರ್‌ಗೆ ತಾಗುತ್ತದೆ. ಹಗ್ಗದ ಕುಣಿಕೆ ಹೊರಗೆ ಜೋತಾಡಿದರೆ ರೆಂಬೆ ಅದನ್ನೇ ಹಿಡಿದು ಎಳೆಯುತ್ತದೆ. ಗಂಟಿನ ತುದಿಯನ್ನೆಲ್ಲ ಒಳಗೆ ಸಿಕ್ಕಿಸಿ.

ಕಟ್ಟೋಕೆ ನೈಲಾನ್ ಹಗ್ಗ ಬೇಡ. ಒದ್ದೆಯಾದರೆ ಹಿಗ್ಗುತ್ತದೆ, ಮೂರ್ನಾಡಿನಲ್ಲಿ ಬಿಗಿಯಾಗಿದ್ದದ್ದು ನಾಪೋಕ್ಲಿನಲ್ಲಿ ಸಡಿಲ. ಪಾಲಿಯೆಸ್ಟರ್ ರ‍್ಯಾಚೆಟ್ ಬೆಲ್ಟು, 25 ಮಿ.ಮೀ. ಅಗಲದ್ದು, ಓಮ್ನಿಗೆ ಮೂರು, ಜೀಪಿಗೆ ನಾಲ್ಕು ಸಾಕು. ಬೆಲ್ಟನ್ನು ಸೀಟಿನ ಕಬ್ಬಿಣದ ಫ್ರೇಮಿಗೆ ಸುತ್ತಿ, ಪ್ಲಾಸ್ಟಿಕ್ ಹಿಡಿಕೆಗೆ ಕಟ್ಟಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ 20 ಕೆ.ಜಿ. ಸ್ಪೀಕರ್ ಮುಂದಕ್ಕೆ ಸುಮಾರು 16 ಕೆ.ಜಿ.ಯಷ್ಟು ಒತ್ತಡ ಕೊಡುತ್ತದೆ, ಅದು ಬೀಳೋದು ಡ್ರೈವರ್ ಬೆನ್ನಿಗೆ.

ಇನ್ನೊಂದು ಮಾತು. ಉದ್ದದ ಸಾಮಾನು ಹಿಡಿಸೋದಿಲ್ಲ ಅಂತ ಹಿಂಬಾಗಿಲು ಅರ್ಧ ತೆರೆದು ಹಗ್ಗ ಕಟ್ಟಿಕೊಂಡು ಹೋಗೋದು ಕೊಡಗಿನಲ್ಲಿ ದಿನವೂ ಕಾಣುತ್ತದೆ. ಗಾಡಿ ಓಡುವಾಗ ಹಿಂದೆ ಗಾಳಿ ಸುಳಿಯುತ್ತದೆ, ಸೈಲೆನ್ಸರ್ ಹೊಗೆ ನೇರ ಒಳಗೆ ಬರುತ್ತದೆ. ಮಳೆಗೆ ಉಳಿದ ಗಾಜೆಲ್ಲ ಮುಚ್ಚಿರುವಾಗ ತಲೆನೋವು, ನಿದ್ದೆ ಬಂದಂತಾಗೋದು ಅದರಿಂದಲೇ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಬಾಗಿಲು ಪೂರ್ತಿ ಮುಚ್ಚುವಷ್ಟೇ ತುಂಬಿ.

ಕರಣೆ_ತೊಪ್ಪಿ

ಗ್ಯಾರೇಜಿನವರು ಎಂಜಿನ್ ಜಾಗ ಹೇಳಿದ್ದು ನಮಗೂ ಬೇಕಾದದ್ದೇ. ಓಮ್ನಿಯಲ್ಲಿ ಮುಂದಿನ ಸೀಟಿನ ಬೆನ್ನಿಗೆ ತಾಗಿದ ನೆಲ ಬಿಸಿಯಾಗುತ್ತದೆ. ಎಲ್ಲರೂ ಮೃದಂಗವನ್ನು ಅಲ್ಲೇ ಇಡೋದು, ಯಾಕಂದ್ರೆ ಸುಭದ್ರ ಜಾಗ ಅನ್ನಿಸುತ್ತದೆ. ಒಂದು ಗಂಟೆ ಏರಿನಲ್ಲಿ ಎರಡನೇ ಗೇರಿನಲ್ಲಿ ಹೋದರೆ ಆ ಕಡೆ ಮುಖ ಮಾಡಿದ ತಲೆ ಒಣಗಿ ಬಿಗಿಯಾಗುತ್ತದೆ, ಇನ್ನೊಂದು ಕಡೆ ಮಳೆಯ ತೇವಕ್ಕೆ ಸಡಿಲ. ಇಳಿಸಿದಾಗ ಬಲಕ್ಕೆ ಶ್ರುತಿ ಏರಿರುತ್ತದೆ, ಎಡ ಇಳಿದಿರುತ್ತದೆ. ಒಂದೇ ದಿಕ್ಕಿಗೆ ಬದಲಾದರೆ ಸರಿಮಾಡಬಹುದು, ಹೀಗೆ ಎರಡು ದಿಕ್ಕಿಗಾದರೆ ವೇದಿಕೆಯಲ್ಲಿ ಅರ್ಧ ಗಂಟೆ ಶ್ರುತಿ ಮಾಡುವ ಕಲ್ಲು, ಕೊಡತಿ ಹಿಡಿದು ಕೂರಬೇಕು.

ಕರಣೆ ಅಂದರೆ ಬಲತಲೆಯ ನಡುವಿನ ಕಪ್ಪು ವೃತ್ತ, ಕಿಟ್ಟದ ಕಲ್ಲಿನ ಪುಡಿ ಮತ್ತು ಅನ್ನ ಅರೆದು ಪದರ ಪದರವಾಗಿ ಹಚ್ಚಿದ್ದು. ಅನ್ನ ಇರುವ ಕಾರಣ ನೀರು ಹೀರುತ್ತದೆ, ಬೂಷ್ಟು ಹಿಡಿಯುತ್ತದೆ. ಬಿಸಿಗೆ ಹಠಾತ್ತಾಗಿ ಒಣಗಿದರೆ ಅಂಚಿನಲ್ಲಿ ಸೀಳುತ್ತದೆ, ಹೊಡೆದಾಗ ಚೂರು ಚೂರು ಉದುರುತ್ತದೆ. ಎರಡೂ ಬೇಡ.

ಹೀಗೆ ಮಾಡಿ. ಕಾರ್ಯಕ್ರಮದ ಹಿಂದಿನ ದಿನವೇ ತೊಪ್ಪಿಗೆ (ಎಡತಲೆಗೆ) ಅಂಟಿಸಿದ ರವೆಯ ಮುದ್ದೆ ಪೂರ್ತಿ ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಆರಲು ಬಿಡಿ. ರವೆ ಇದ್ದಂತೆಯೇ ಚೀಲಕ್ಕೆ ಹಾಕಿದರೆ ಆ ತೇವ ಒಳಗೇ ಉಳಿಯುತ್ತದೆ. ಎರಡೂ ತಲೆಯ ಮೇಲೆ ಹಳೆ ಹತ್ತಿ ಪಂಚೆಯ ಎರಡು ಮಡಿಕೆ. ಅದರ ಮೇಲೆ ದಪ್ಪ ರಟ್ಟು ದುಂಡಗೆ ಕತ್ತರಿಸಿ ಇಡಿ, ಸ್ಟ್ಯಾಂಡಿನ ಮೂಲೆ ಬಡಿದರೂ ಚರ್ಮಕ್ಕೆ ಹೊಡೆತ ಬೀಳದ ಹಾಗೆ. ಆಮೇಲೆ ಫೋಮ್ ಇರುವ ಚೀಲ. ಚೀಲದೊಳಗೆ 50 ಗ್ರಾಂನ ಸಿಲಿಕಾ ಜೆಲ್ ಪೊಟ್ಟಣ ಎರಡು, ಬಣ್ಣ ಬದಲಾಯಿಸುವ ಜಾತಿಯದ್ದೇ ತನ್ನಿ. ಬಣ್ಣ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು ಮತ್ತೆ ಬಳಸಬಹುದು (ಅಡುಗೆಯ ಬಾಣಲೆ ಬೇಡ). ಎಲ್ಲಕ್ಕೂ ಮೇಲೆ ಪ್ಲಾಸ್ಟಿಕ್ ಹೊದಿಕೆ, ಪ್ರಯಾಣದ ಹೊತ್ತಿಗೆ ಮಾತ್ರ. ತಲುಪಿದ ಕೂಡಲೇ ಪ್ಲಾಸ್ಟಿಕ್ ತೆಗೆಯಿರಿ, ಇಲ್ಲವಾದರೆ ಒಳಗೇ ಬೆವರುತ್ತದೆ.

ಮೃದಂಗ ಮಲಗಿಸಿಯೇ ಇಡಿ, ನಿಲ್ಲಿಸಿದರೆ ಪೂರ್ತಿ ಭಾರ ಕೆಳಗಿನ ತಲೆಯ ಮೇಲೆ. ಉರುಳದಂತೆ ಎರಡೂ ಪಕ್ಕ ಚಾಪೆ ಸುರುಳಿ. ಜಾಗ: ಜೀಪಿನ ಹಿಂದಿನ ಉದ್ದ ಸೀಟಿನ ಮೇಲೆ, ಮನುಷ್ಯರ ನಡುವೆ. ತಬಲಾ ಕೂಡ ಅಲ್ಲೇ. ಕಂಬಳಿ ಕೂಡ ಬೇಕಾಗಿಲ್ಲ, ಪಕ್ಕದವರ ತೊಡೆಯೇ ಒಳ್ಳೆಯ ಸ್ಪ್ರಿಂಗು.

ದುಡಿಗಳ ಚಿಂತೆ ಕಡಿಮೆ. ನಾಲ್ಕನ್ನೂ ಒಂದರ ಪಕ್ಕ ಒಂದು ಹೆಣೆದ ಬುಟ್ಟಿಗೆ ಹಾಕಿ, ನಡುವೆ ಬಟ್ಟೆ ತುರುಕಿ. ದುಡಿಯ ನಡುವಿಗೆ ಸುತ್ತಿದ ಹುರಿ ಸಡಿಲ ಬಿಟ್ಟು ಸಾಗಿಸಿ, ಅಲ್ಲಿ ಹೋಗಿ ಬಿಗಿ ಮಾಡಿ. ಚರ್ಮ ತೆಳುವಾದ ಕಾರಣ ತೇವಕ್ಕೆ ಬೇಗ ಇಳಿಯುತ್ತದೆ, ಶಾಖಕ್ಕೆ ಅಷ್ಟೇ ಬೇಗ ಏರುತ್ತದೆ. ಒಲೆ ಮುಂದೆ ಹಿಡಿಯೋದಾದರೆ ಅಂಗೈಯನ್ನೂ ದುಡಿಯ ಪಕ್ಕದಲ್ಲೇ ಹಿಡಿಯಿರಿ. ಕೈಗೆ ಸುಡುವ ದೂರ ಚರ್ಮಕ್ಕೂ ಹತ್ತಿರವೇ ಆಯಿತು.

ಹಾರ್ಮೋನಿಯಂ: ತಿದಿ ಮುಚ್ಚಿ ಕೊಂಡಿ ಹಾಕಿ, ಸ್ಟಾಪು ಎಲ್ಲ ಒಳಗೆ ತಳ್ಳಿ, ಮನೆಗಳು (ಒತ್ತುವ ಕೀಗಳು) ಮೇಲ್ಮುಖವಾಗಿ ಮಲಗಿಸಿ. ಮಳೆಗಾಲದಲ್ಲಿ ಮನೆ ಅಂಟಿಕೊಳ್ಳೋದು ಮರ ಊದಿಕೊಳ್ಳುವುದರಿಂದ. ಅಲ್ಲಿ ಹೋಗಿ ಉಪ್ಪುಕಾಗದ ಹಿಡಿದು ಉಜ್ಜಬೇಡಿ, ಬೇಸಿಗೆ ಬಂದಾಗ ಆ ಜಾಗ ಗಡಗಡ ಅಲುಗುತ್ತದೆ. ಮುಚ್ಚಳದಡಿ ಜೆಲ್ ಪೊಟ್ಟಣ ಒಂದು ವಾರ ಮೊದಲೇ ಇಡಿ.

ಸೌಂಡ್_ಕುಶಾಲನಗರ

ಟ್ರೇಲರ್ ವಿಷಯ. ಕಾಫಿ ಮೂಟೆಯ ಟ್ರೇಲರ್‌ನ ಪಟ್ಟಿ ಸ್ಪ್ರಿಂಗು ದೊಡ್ಡ ಭಾರಕ್ಕೆ ಅಂತ ಮಾಡಿದ್ದು. ನೂರು ಕೆ.ಜಿ. ಹಾಕಿದರೆ ಸ್ಪ್ರಿಂಗು ಅಲ್ಲಾಡೋದೇ ಇಲ್ಲ, ಹಳ್ಳ ಸಿಕ್ಕಿದಾಗ ಟ್ರೇಲರ್ ಇಡಿಯಾಗಿ ಹಾರುತ್ತದೆ. ಮಿಕ್ಸರ್, ಕೀಬೋರ್ಡು, ಸ್ಪೀಕರ್ ಅದರಲ್ಲಿ ಬೇಡವೇ ಬೇಡ. ಸ್ಪೀಕರ್ ಹಿಂದಿರುವ ಆಂಪ್ಲಿಫೈಯರ್ ಬೋರ್ಡಿನ ಕನೆಕ್ಟರು ಕಿತ್ತು ಬರೋದು ಇಂಥ ಕುಲುಕಾಟಕ್ಕೇ, ಆಮೇಲೆ ಲೈಟು ಉರಿಯುತ್ತದೆ ಆದರೆ ಸದ್ದಿಲ್ಲ. ಜನರೇಟರು, ಸ್ಟ್ಯಾಂಡು, ಟಾರ್ಪಾಲು, ಕುರ್ಚಿಗೆ ಮಾತ್ರ ಟ್ರೇಲರ್. ಭಾರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಟ್ರೇಲರ್ ಆಕ್ಸಲ್‌ನ ಮುಂದೆ ಇರಲಿ, ಕೊಕ್ಕೆ ಮೇಲೆ ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಬೀಳುವ ಹಾಗೆ. ಹಿಂದೆ ಭಾರವಾದರೆ ಇಳಿಜಾರಿನಲ್ಲಿ ಟ್ರೇಲರ್ ಬಾಲ ಬೀಸುತ್ತದೆ. ಕೊಕ್ಕೆಗೆ ಪಿನ್ನಿನ ಜೊತೆ ಸರಪಳಿ ಅಡ್ಡಡ್ಡ ಎರಡು.

ಆದರೆ ನಿಮ್ಮ ಪಟ್ಟಿ ನೋಡಿದರೆ ಟ್ರೇಲರ್ ಬೇಕಾಗಿಯೇ ಇಲ್ಲ. ಎಲ್ಲ ಸೇರಿದರೂ 160 ಕೆ.ಜಿ. ಆಸುಪಾಸು. ಜನರೇಟರ್ ಜೀಪಿನ ಹಿಂದೆ ನೆಲದ ಮೇಲೆ, ಬಾಗಿಲ ಪಕ್ಕ. ಪೆಟ್ರೋಲ್ ಕಾಕ್ ಮುಚ್ಚಿ, ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇಟ್ಟು, ನೆಟ್ಟಗೆ ನಿಲ್ಲಿಸಿ. ವಾಲಿದರೆ ಆಯಿಲ್ ಏರ್ ಫಿಲ್ಟರಿಗೆ ಹೋಗಿ, ಸ್ಟಾರ್ಟ್ ಆದಾಗ ಬಿಳಿ ಹೊಗೆ, ಇಲ್ಲವೇ ಸ್ಟಾರ್ಟೇ ಆಗದು. ಪಕ್ಕದಲ್ಲಿ ಚರ್ಮವಾದ್ಯದ ಚೀಲ ಇಡಬೇಡಿ, ಪೆಟ್ರೋಲಿನ ವಾಸನೆ ಹತ್ತಿ ಬಟ್ಟೆಗೆ ಹಿಡಿದರೆ ತಿಂಗಳುಗಟ್ಟಲೆ ಹೋಗೋದಿಲ್ಲ. ಅಲ್ಲಿ ಹೋದ ಮೇಲೆ ಮಳೆ ಅಂತ ಜೀಪಿನೊಳಗೇ ಇಟ್ಟು ಓಡಿಸುವುದು, ಐನ್‌ಮನೆಯ ಕೈಸಾಲೆಯಲ್ಲಿ (ಜಗುಲಿಯಲ್ಲಿ) ಇಟ್ಟು ಓಡಿಸುವುದು ಎರಡೂ ತಪ್ಪು. ಮನೆಯಿಂದ ಹತ್ತು ಮೀಟರಾದರೂ ದೂರ, ಮೇಲೆ ನಾಲ್ಕು ಕಂಬಕ್ಕೆ ತಗಡು.

ದೂರ ಇಟ್ಟಾಗ ವಯರು ಮುಖ್ಯ. 1 ಚದರ ಮಿ.ಮೀ. ತಾಮ್ರದ ವಯರಲ್ಲಿ 30 ಮೀಟರ್ ದೂರಕ್ಕೆ 10 ಆಂಪಿಯರ್ ಎಳೆದರೆ ಸುಮಾರು 11 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 2.5 ಚದರ ಮಿ.ಮೀ. ವಯರಾದರೆ ನಾಲ್ಕೂವರೆ ಮಾತ್ರ. ಕೇಬಲ್ ಪೆಟ್ಟಿಗೆ ಎರಡು ಕೆ.ಜಿ. ಹೆಚ್ಚಾದರೂ ದಪ್ಪದ್ದೇ ತನ್ನಿ.

ಸ್ಪೀಕರ್ ನೆಟ್ಟಗೆ ನಿಲ್ಲಿಸಿ, ಜಾಲರಿಗಳು ಎದುರುಬದುರಾಗಿ, ನಡುವೆ ಕಂಬಳಿ. ಮಿಕ್ಸರ್ ಮೇಲೆ ಏನೂ ಇಡಬೇಡಿ. ನಾಬ್‌ಗಳ ಮೇಲೆ ಒಂದು ಸ್ಟ್ಯಾಂಡಿನ ಕಾಲು ಕೂತರೂ ಒಳಗಿನ ದಂಟು ಬಾಗುತ್ತದೆ. ಕೀಬೋರ್ಡು ಬ್ಯಾಗಿನ ಸಮೇತ ಮೀಟರ್ ಉದ್ದ, ಓಮ್ನಿಯಲ್ಲಿ ಅಡ್ಡಕ್ಕೆ ಹಿಡಿಸುತ್ತದೆ, ಸ್ಪೀಕರ್‌ಗಳ ಮೇಲೆ ಮಲಗಿಸಿ ಬೆಲ್ಟು ಹಾಕಿ.

ಜೀಪಿನ ಕ್ಯಾನ್ವಾಸು ಸೋರೋದು ಮೇಲಿನಿಂದಲ್ಲ, ಹಿಂದಿನ ಪರದೆಯ ಎರಡು ಮೂಲೆಗಳಿಂದ. ಚಕ್ರ ಎರಚಿದ ಕೆಸರುನೀರು ಅಲ್ಲಿಂದಲೇ ಒಳಗೆ. ಕಾಫಿ ಒಣಗಿಸುವ ದಪ್ಪ ಟಾರ್ಪಾಲನ್ನು ಮೊದಲು ನೆಲಕ್ಕೆ ಹಾಸಿ, ಸಾಮಾನು ಇಟ್ಟು, ಉಳಿದ ಉದ್ದವನ್ನು ಹಿಂದಿನಿಂದ ಮುಂದಕ್ಕೆ ಮೇಲೆ ಹೊದಿಸಿ. ಅಂಚು ಮುಂದಕ್ಕೆ ಮುಗಿಯಬೇಕು. ಹಿಂದಕ್ಕೆ ಮುಗಿದರೆ ಅದೇ ದೋಣಿಯಾಗಿ ನೀರು ನಿಲ್ಲುತ್ತದೆ.

ರಾತ್ರಿಯಿಡೀ ಜೀಪಲ್ಲೇ ಬಿಟ್ಟ ಮಿಕ್ಸರನ್ನು ಜನ ತುಂಬಿದ ಬೆಚ್ಚಗಿನ ಕೋಣೆಗೆ ತಂದ ತಕ್ಷಣ ಸ್ವಿಚ್ ಹಾಕಬೇಡಿ. ತಣ್ಣಗಿನ ಲೋಹದ ಮೇಲೆ ಇಬ್ಬನಿ ಕೂರುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಹಾಕಿ.

ಮೂರ್ನಾಡು_ಮೇಳ

ತುಂಬಾ ಉಪಕಾರ. ಟ್ರೇಲರ್ ಬಿಟ್ಟೆವು. ಎರಡು ಪ್ರಶ್ನೆ ಉಳಿದಿದೆ. ಕೀಬೋರ್ಡಿನವರು 88 ಕೀ ತರಬಹುದು ಅನ್ನುತ್ತಿದ್ದಾರೆ, ಹಿಡಿಸುತ್ತದಾ? ಮತ್ತೆ ಕೊನೆಯ 300 ಮೀಟರ್: ಜೀಪು ಎರಡು ಸಲ ಓಡಾಡಬೇಕೋ, ಹೊತ್ತುಕೊಂಡು ಹೋಗೋದೋ? ದುಡಿಯವರಲ್ಲಿ ಇಬ್ಬರು ಸ್ಕೂಟರಲ್ಲೇ ಬರುತ್ತಾರಂತೆ.

ಗ್ಯಾರೇಜ್_ಗೋಣಿಕೊಪ್ಪ

88 ಕೀ ಸುಮಾರು 130 ಸೆಂ.ಮೀ. ಇರುತ್ತದೆ, ಬ್ಯಾಗು ಸೇರಿ ಇನ್ನೂ ಹೆಚ್ಚು. ಓಮ್ನಿಯ ಹೊರಗಿನ ಅಗಲವೇ 141, ಒಳಗೆ ಅಡ್ಡಕ್ಕೆ ಕೂರೋದಿಲ್ಲ. ಉದ್ದಕ್ಕೆ ಇಟ್ಟರೆ ಸ್ಪೀಕರ್ ಜಾಗ ಹೋಯಿತು. 61 ಕೀಯದ್ದೇ ಸಾಕು ಅನ್ನಿ. ಹಟ ಮಾಡಿದರೆ ಜೀಪಿನ ಎರಡು ಉದ್ದ ಸೀಟುಗಳ ನಡುವೆ ನೆಲದ ಮೇಲೆ, ಮೇಲೆ ಯಾರೂ ಕಾಲಿಡದ ಹಾಗೆ ಹಲಗೆ ಹಾಕಿ.

ಜೀಪಲ್ಲಿ ಇಳಿಯುವಾಗ ಲೋ ರೇಂಜು, ಒಂದನೇ ಗೇರು, ಕ್ಲಚ್ ಒತ್ತಬೇಡಿ. ಪಾಚಿಯ ಮೇಲೆ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲೋದಿಲ್ಲ. ಒಂದು ಪಕ್ಕದ ಚಕ್ರವನ್ನು ಪಟ್ಟಿಯಿಂದ ಇಳಿಸಿ ಮಧ್ಯದ ಹುಲ್ಲಿನ ಮೇಲೆ ಬಿಟ್ಟರೆ ಹಿಡಿತ ಸಿಗುತ್ತದೆ, ಆದರೆ ಪಟ್ಟಿಯ ಅಂಚು ಮಣ್ಣಿಗಿಂತ ನಾಲ್ಕು ಇಂಚು ಮೇಲಿದ್ದರೆ ಬೇಡ, ಟೈರಿನ ಪಕ್ಕ ಸೀಳುತ್ತದೆ. ಹಿಂದಿನ ದಿನ ಹೋಗಿ ಅಂಚು ನೋಡಿ ಬನ್ನಿ.

ಸ್ಕೂಟರಿನವರಿಗೆ: ದುಡಿ ಹ್ಯಾಂಡಲಿಗೆ ನೇತುಹಾಕಬಾರದು. ತಿರುವಿನಲ್ಲಿ ಅದು ಮಂಡಿಗೂ ಹ್ಯಾಂಡಲಿಗೂ ನಡುವೆ ಸಿಕ್ಕಿ ಸ್ಟೀರಿಂಗ್ ಕಟ್ಟುತ್ತದೆ. ಬೆನ್ನಿಗೆ ಚೀಲದಲ್ಲಿ, ಅದರ ಮೇಲೆ ರೈನ್‌ಕೋಟು. ರೈನ್‌ಕೋಟಿನ ಮೇಲೆ ಚೀಲ ಅಲ್ಲ, ರೈನ್‌ಕೋಟಿನ ಒಳಗೆ ಚೀಲ ಅನ್ನೋದು ಮುಖ್ಯ.

ತೋಟದ_ದಾರಿ

300 ಮೀಟರಿಗೆ ಜೀಪು ಮೂರು ಸಲ ಹತ್ತಿಳಿದರೆ ದಾರಿಯೇ ಕೆಸರು ಗುಂಡಿಯಾಗುತ್ತದೆ, ವಾಪಸ್ ಬರುವಾಗ ನಿಮಗೇ ಕಷ್ಟ. ಜೀಪು ಒಂದೇ ಸಲ, ಚರ್ಮವಾದ್ಯ, ಮಿಕ್ಸರ್, ಜನರೇಟರ್ ಸಮೇತ ಮೇಲೆ ಹೋಗಲಿ. ಓಮ್ನಿಯಲ್ಲಿರುವ ಸ್ಪೀಕರ್ ಎರಡನ್ನೂ ಬಿದಿರಿಗೆ ಕಟ್ಟಿ ಹೊತ್ತು ತನ್ನಿ, 20 ಕೆ.ಜಿ. ಇಬ್ಬರಿಗೆ ಏನೂ ಅಲ್ಲ.

ಬಿದಿರು ಆರು ಅಡಿ, ಬಲಿತದ್ದು, ಗೆಣ್ಣು ಹತ್ತಿರ ಹತ್ತಿರ ಇರುವಂಥದ್ದು. ರ‍್ಯಾಚೆಟ್ ಬೆಲ್ಟನ್ನೇ ಪೆಟ್ಟಿಗೆಯ ಅಡಿಯಿಂದ ಎರಡು ಸುತ್ತು ತಂದು ಹಿಡಿಕೆಗಳ ಒಳಗೆ ತೂರಿಸಿ ಬಿದಿರಿಗೆ ಬಿಗಿಯಿರಿ. ಹಿಡಿಕೆಯೊಂದಕ್ಕೇ ನೇತುಹಾಕಬೇಡಿ, ಸ್ಕ್ರೂ ಕಿತ್ತು ಬರುತ್ತದೆ. ಪೆಟ್ಟಿಗೆ ಬಿದಿರಿಗೆ ಅಂಟಿಕೊಂಡಿರಬೇಕು. ಒಂದು ಅಡಿ ಕೆಳಗೆ ಜೋತಾಡಿದರೆ ಗಡಿಯಾರದ ಲೋಲಕದ ಹಾಗೆ ಬೀಸಿ ಹೊತ್ತವರ ಕಾಲಿಗೇ ಬಡಿಯುತ್ತದೆ. ಏರಿನಲ್ಲಿ ಪೆಟ್ಟಿಗೆ ಹಿಂದಿನವರ ಕಡೆ ಜಾರುತ್ತದೆ. ಬೆಲ್ಟಿನ ಹಿಂದೆ ಬಿದಿರಿನ ಗೆಣ್ಣು ಬರುವ ಹಾಗೆ ಕಟ್ಟಿ, ಗೆಣ್ಣೇ ತಡೆ. ಎತ್ತರದವರು ಹಿಂದೆ, ಗಿಡ್ಡದವರು ಮುಂದೆ ನಡೆದರೆ ಏರಿನಲ್ಲಿ ಬಿದಿರು ಹೆಚ್ಚುಕಡಿಮೆ ಸಮಕ್ಕೆ ಬರುತ್ತದೆ. ಇಳಿಯುವಾಗ ಅದಲು ಬದಲು. 

ಮಳೆ ಇದ್ದರೆ ಸ್ಪೀಕರಿಗೆ ಮೇಲಿನಿಂದ ಗೊಬ್ಬರದ ಪ್ಲಾಸ್ಟಿಕ್ ಚೀಲ ಕವಚಿ, ತೊಳೆದು ಒಣಗಿಸಿದ್ದು. ಗೊಬ್ಬರದ ಉಪ್ಪು ಉಳಿದಿದ್ದರೆ ಜಾಲರಿಗೆ ತುಕ್ಕು.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಬಳಸುವ ಹಾಗಿಲ್ಲ. ಅಂದರೆ ಕಟ್ಟಿ ಇಳಿಸುವ ಹೊತ್ತಿಗೆ ಹನ್ನೊಂದು. ಕತ್ತಲಲ್ಲಿ ಸ್ಪೀಕರ್ ಹೊತ್ತು ಇಳಿಯುವಾಗ ಮೂರನೆಯವರು ಟಾರ್ಚ್ ಹಿಡಿದು ಮುಂದೆ ನಡೆಯಲಿ, ಬೆಳಕು ಹೊತ್ತವರ ಕಾಲ ಬುಡಕ್ಕೆ ಬೀಳುವ ಹಾಗೆ. ಆನೆ ಓಡಾಡುವ ಕಡೆಯಾದರೆ ಮನೆಯವರನ್ನು ಕೇಳಿಯೇ ಹೊರಡಿ. ಅನುಮಾನ ಇದ್ದರೆ ಸ್ಪೀಕರ್ ಅಲ್ಲೇ ಕೈಸಾಲೆಯಲ್ಲಿ ಬಿಟ್ಟು ಬೆಳಿಗ್ಗೆ ತಂದರಾಯಿತು.

ಕರಣೆ_ತೊಪ್ಪಿ

ಬೆಳಿಗ್ಗೆ ತರೋದು ಸ್ಪೀಕರಿಗೆ ಸರಿ. ಮೃದಂಗ, ತಬಲಾ, ಹಾರ್ಮೋನಿಯಂ ರಾತ್ರಿಯೇ ಮನೆಗೆ ಬರಲಿ. ಬಂದ ಕೂಡಲೇ ಚೀಲ ಬಿಚ್ಚಿ, ತೊಪ್ಪಿಯ ರವೆ ಅವತ್ತೇ ಕೆರೆದು, ಒಲೆ ಇರುವ ಕೋಣೆಯಿಂದ ಒಂದು ಗೋಡೆ ಆಚೆ ಹಾಸಿಗೆ ಮೇಲೆ ಮಲಗಿಸಿ. ಚೀಲವನ್ನು ಬೇರೆ ಒಣಹಾಕಿ, ಒದ್ದೆ ಚೀಲದೊಳಗೆ ಮರುದಿನ ಮತ್ತೆ ತುಂಬಬೇಡಿ.